ಗ್ರೌಂಡ್ ಒಬ್ಬರದ್ದು, ಟೀಮ್ ಇನ್ನೊಬ್ಬರದ್ದು, ಪೈ-ಬಿಯರ್ ದುಡ್ಡು ಮತ್ತೊಬ್ಬರದ್ದು: ಕಾವೆಂಟ್ರಿ ಸಿಟಿ ಜಗಳದ ಬಗ್ಗೆ

ಆಸ್ಟಿನ್‌ಟೌನ್_ವಿಂಗರ್:
ಎಲ್ರಿಗೂ ನಮಸ್ಕಾರ. ಆಗಸ್ಟ್ 2025ರಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ಬು ಕಾವೆಂಟ್ರಿ ಸಿಟಿಯವ್ರು ತಾವು ಆಡೋ ಸ್ಟೇಡಿಯಂನ ಫ್ರೇಸರ್ಸ್ ಗ್ರೂಪಿಂದ (ಅದೇ ನ್ಯೂಕಾಸಲ್ ಹಳೇ ಓನರ್ ಮೈಕ್ ಆಶ್ಲಿ ಕಂಪನಿ) ಕೊಂಡ್ಕೊಂಡ್ರು. ಇಲ್ಲಿ ಒಬ್ರೂ ಅದರ ಬಗ್ಗೆ ಬರೀಲಿಲ್ಲ, ಎಲ್ಲಾ ಟ್ರಾನ್ಸ್‌ಫರ್ ವಿಂಡೋ ಅಂತ ಮುಳುಗಿದ್ರಿ. ನನಗೆ ಆ ಸೀಸನ್ನಿನ ದೊಡ್ಡ ಸುದ್ದಿ ಅದೇ.

ಗೊತ್ತಿಲ್ದೋರಿಗೆ ಸ್ವಲ್ಪ ಹಿನ್ನೆಲೆ. 1883ರಲ್ಲಿ ಸಿಂಗರ್ ಸೈಕಲ್ ಕಾರ್ಖಾನೆ ಕೆಲಸಗಾರರು ಶುರು ಮಾಡಿದ ಕ್ಲಬ್ಬು, 1967ರಿಂದ 2001ರವರೆಗೆ 34 ವರ್ಷ ಬಿಡದೆ ಟಾಪ್ ಡಿವಿಷನ್, 1987ರಲ್ಲಿ ಟಾಟನ್‌ಹ್ಯಾಮ್‌ಗೆ 3-2 ಹೊಡೆದು ಎಫ್‌ಎ ಕಪ್ (ಕೀತ್ ಹೌಚೆನ್ ಡೈವಿಂಗ್ ಹೆಡರ್ ನೋಡಿಲ್ಲ ಅಂದ್ರೆ ಈಗ್ಲೇ ಯೂಟ್ಯೂಬಲ್ಲಿ ನೋಡ್ಕೊಂಡು ಬನ್ನಿ, ಥ್ರೆಡ್ ಇಲ್ಲೇ ಇರುತ್ತೆ). 1899ರಿಂದ ಹೈಫೀಲ್ಡ್ ರೋಡ್ ಅಂತ ಸ್ವಂತ ಗ್ರೌಂಡ್ ಇತ್ತು, 1981ರಲ್ಲಿ ಇಂಗ್ಲೆಂಡಲ್ಲೇ ಮೊದಲು ಪೂರ್ತಿ ಸೀಟು ಹಾಕಿಸಿದ ಗ್ರೌಂಡ್ ಅದು. ಆಮೇಲೆ 45,000 ಸೀಟು, ತೆಗೆದು ಹಾಕೋ ಪಿಚ್ಚು, ಮುಚ್ಚೋ ಛಾವಣಿ ಅಂತೆಲ್ಲ ದೊಡ್ಡ ಕನಸು ಕಂಡು, ಹೈಫೀಲ್ಡ್ ರೋಡನ್ನ ಮನೆ ಕಟ್ಟೋ ಕಂಪನಿಗೆ ಮಾರಿ, ಅಲ್ಲೇ ಬಾಡಿಗೆಗೆ ಆಡ್ತಾ ಇರೋವಾಗ 2001ರಲ್ಲಿ ರೆಲಿಗೇಟ್ ಆದ್ರು (ಕೆಳಗಿನ ಡಿವಿಷನ್‌ಗೆ ಇಳಿದ್ರು). ದುಡ್ಡು ಖಾಲಿ. ಕೊನೆಗೆ ಸಿಟಿ ಕೌನ್ಸಿಲ್ ಮುಂದೆ ಬಂದು ಫೋಲ್ಸ್‌ಹಿಲ್ ಹಳೇ ಗ್ಯಾಸ್ ಫ್ಯಾಕ್ಟರಿ ಜಾಗದಲ್ಲಿ ಚಿಕ್ಕ ಸ್ಟೇಡಿಯಂ ಕಟ್ಟಿಸ್ತು, 32,609 ಸೀಟು, ರೀಕೋ ಅರೀನಾ ಅಂತ ಹೆಸರು, 2005ರಲ್ಲಿ ಓಪನ್.

ಜಾಗ ಕೌನ್ಸಿಲ್‌ದು. ನಡೆಸೋದಕ್ಕೆ ಅರೀನಾ ಕಾವೆಂಟ್ರಿ ಲಿಮಿಟೆಡ್ (ಎಸಿಎಲ್) ಅಂತ ಕಂಪನಿ, ಅದರಲ್ಲಿ ಅರ್ಧ ಕೌನ್ಸಿಲ್, ಇನ್ನರ್ಧ ಕ್ಲಬ್ಬಿಂದು ಅಂತ ಪ್ಲಾನು. ಆದ್ರೆ ಕೈಯಲ್ಲಿ ಕಾಸಿಲ್ಲದೆ ಕ್ಲಬ್ಬು ತನ್ನ ಅರ್ಧವನ್ನ ಸ್ಟೇಡಿಯಂ ಓಪನ್ ಆಗೋ ಮೊದ್ಲೇ ಆಲನ್ ಎಡ್ವರ್ಡ್ ಹಿಗ್ಸ್ ಚಾರಿಟಿಗೆ ಮಾರ್ಬಿಡ್ತು. ಹಂಗಾಗಿ ಮೊದಲ ದಿನದಿಂದ್ಲೇ ಬಾಡಿಗೆದಾರ, ವರ್ಷಕ್ಕೆ ಹತ್ತತ್ರ 13 ಲಕ್ಷ ಪೌಂಡ್. ಮೇಲಿಂದ ಮ್ಯಾಚ್ ದಿನ ಮಾರೋ ಪೈ (ಒಳಗೆ ಮಾಂಸ ತುಂಬಿ ಬೇಯಿಸಿದ ತಿಂಡಿ), ಬಿಯರ್, ಪಾರ್ಕಿಂಗ್ ಯಾವುದರ ದುಡ್ಡೂ ಕ್ಲಬ್ಬಿಗೆ ಬರ್ತಿರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ, ಇಪ್ಪತ್ತು ವರ್ಷ ಈ ಕ್ಲಬ್ಬನ್ನ ಹಿಂಡಿದ್ದು ಬಾಡಿಗೇನಾ ಅಥವಾ ಆ ಪೈ-ಬಿಯರ್ ದುಡ್ಡಾ? ನನ್ನ ಪ್ರಕಾರ ಎರಡನೇದು. ಬಾಡಿಗೆ ಬರೀ ಪೇಪರ್ ಹೆಡ್‌ಲೈನಿಗೆ.

ಹುಬ್ಳಿ_ಗೋಲಿ:
ಅಲ್ರೀ ವಿಂಗರ್ ಸರ, ನನಗ ಒಂದ ಮಾತ್ ತಿಳೀವಲ್ದು. ಬಾಡಗಿಗೆ ಬಂದಾವ ಬಾಡಗಿ ಕೊಡೂದ ಬಿಟ್ಟ, ಮ್ಯಾಲ ಅಡಗಿಮನಿ ಕೀಲಿನೂ ನಮ್ ಕಡೆ ಕೊಡ್ರಿ ಅಂದ್ರ ಯಾವ ಮಾಲಕ ಒಪ್ತಾನ? ತಮ್ಮ ಪಾಲ ತಾವ ಮಾರ್ಕೊಂಡ್ ತಿಂದ್ರು, ಆಮ್ಯಾಲ ಅನ್ಯಾಯ ಆತು ಅಂತ ಹೊಯ್ಕೊಂಡ್ರ ಹೆಂಗ?

ಆಸ್ಟಿನ್‌ಟೌನ್_ವಿಂಗರ್:
@ಹುಬ್ಳಿ_ಗೋಲಿ ಮಾರಿದೋರು ಬೇರೆ ಗುರು, ಹೊಯ್ಕೊಂಡೋರು ಬೇರೆ. 2007 ಡಿಸೆಂಬರಲ್ಲಿ ಕ್ಲಬ್ ದಿವಾಳಿ ಅಂಚಲ್ಲಿದ್ದಾಗ ಸಿಸು ಅನ್ನೋ ಹೆಡ್ಜ್ ಫಂಡ್ (ದೊಡ್ಡ ಹೂಡಿಕೆದಾರರ ದುಡ್ಡು ಹಾಕಿ ಲಾಭ ಮಾಡೋ ಕಂಪನಿ) ಬಂದು ಕೊಂಡ್ಕೊಂಡ್ರು. ಅವ್ರು ಬಂದಾಗ ಷೇರು ಆಗಲೇ ಕೈಬಿಟ್ಟಿತ್ತು. 2012ರಲ್ಲಿ ಲೀಗ್ ಒನ್‌ಗೆ (ಹೆಸರು ಒನ್, ಆದ್ರೆ ಮೂರನೇ ಡಿವಿಷನ್) ಇಳಿದ್ರು, ಆ ವರ್ಷವೇ ಬಾಡಿಗೆ ಕಟ್ಟೋದು ನಿಲ್ಲಿಸಿದ್ರು.

ಹುಬ್ಳಿ_ಗೋಲಿ:
ಹಂಗಂದ್ರ ಕೊಳ್ಳೂ ಮುಂದ ಕಾಗದಪತ್ರ ನೋಡ್ಲಿಲ್ಲೇನು ಹೆಡ್ಜ್ ಫಂಡಿನವ್ರು? ನಮ್ಮೂರಾಗ ಎಮ್ಮಿ ಕೊಳ್ಳಾವನೂ ಹಲ್ಲ ಎಣಸ್ತಾನ.

ಲೆಕ್ಕದ_ಮೇಷ್ಟ್ರು:
ಇದು ನನ್ನ ಏರಿಯಾ ಆದ್ದರಿಂದ ಸ್ವಲ್ಪ ಉದ್ದ ಬರೀತೀನಿ, ಬೇಡ ಅನ್ನೋರು ಸ್ಕ್ರೋಲ್ ಮಾಡಿ.

ಲೀಗ್ ಒನ್, ಲೀಗ್ ಟೂನಲ್ಲಿ ಒಂದು ರೂಲ್ ಇದೆ, ಆಟಗಾರರ ಸಂಬಳ ಕ್ಲಬ್ಬಿನ ವಹಿವಾಟಿನ ಇಷ್ಟು ಪರ್ಸೆಂಟ್ ಒಳಗಿರಬೇಕು ಅಂತ. ಲೀಗ್ ಒನ್‌ನಲ್ಲಿ 60 ಪರ್ಸೆಂಟ್. ಲಾಭದ 60 ಅಲ್ಲ, ವಹಿವಾಟಿನ 60, ಇಲ್ಲೇ ಇರೋದು ಆಟ. ಕ್ಯಾಟರಿಂಗಲ್ಲಿ ಲಾಭ ಕಡಿಮೆ ಆದ್ರೆ ವಹಿವಾಟು ಜಾಸ್ತಿ. ಸುಮ್ಮನೆ ಉದಾಹರಣೆಗೆ, ಸೀಸನ್ನಿಗೆ 10 ಲಕ್ಷ ಪೌಂಡಿನ ತಿಂಡಿ-ಬಿಯರ್ ವ್ಯಾಪಾರ ಆಗಿ ಖರ್ಚೆಲ್ಲ ಕಳೆದು ಕೈಗೆ ಎರಡು ಲಕ್ಷ ಉಳೀತು ಅಂತಿಟ್ಕೊಳ್ಳಿ. ಆ 10 ಲಕ್ಷ ಪೂರ್ತಿ ಕ್ಲಬ್ಬಿನ ಪುಸ್ತಕದಲ್ಲಿ ವಹಿವಾಟು ಅಂತ ಬಂದ್ರೆ ಆಟಗಾರರಿಗೆ ಇನ್ನೂ ಆರು ಲಕ್ಷ ಖರ್ಚು ಮಾಡೋಕೆ ಪರ್ಮಿಷನ್ ಸಿಕ್ಕಂಗೆ. ಅದೇ ಎಸಿಎಲ್‌ನವ್ರು "ಆಯ್ತಪ್ಪ, ಲಾಭದ ಎರಡು ಲಕ್ಷ ಬಾಡಿಗೇಲಿ ಕಡಿಮೆ ಮಾಡ್ಕೊಳ್ಳಿ" ಅಂದ್ರೆ ಕ್ಲಬ್ಬಿನ ವಹಿವಾಟು ಒಂದು ಪೌಂಡೂ ಏರಲ್ಲ. ಅದಕ್ಕೇ ಬಾಡಿಗೆ ಎಷ್ಟೇ ಇಳಿಸಿದ್ರೂ (ಎಸಿಎಲ್ 4 ಲಕ್ಷಕ್ಕೆ ಇಳಿಸೋ ಆಫರ್ ಕೊಟ್ಟಿತ್ತು) ಸಿಸು ಕಡೆಯವ್ರು ಕ್ಯಾಟರಿಂಗ್ ಕ್ಯಾಟರಿಂಗ್ ಅಂತ ಜಪ ಮಾಡ್ತಿದ್ರು.

ಇನ್ನೊಂದು ಸಿಕ್ಕು. ಎಸಿಎಲ್ ತಾನೇ ಕ್ಯಾಟರಿಂಗ್ ಮಾಡ್ತಿರಲಿಲ್ಲ, ಕಾಂಪಸ್ ಗ್ರೂಪ್ ಅನ್ನೋ ಕ್ಯಾಟರಿಂಗ್ ಕಂಪನಿ ಜೊತೆ ಸೇರಿ ಐಇಸಿ ಎಕ್ಸ್‌ಪೀರಿಯನ್ಸ್ ಅಂತ ಜಂಟಿ ಕಂಪನಿ ಮಾಡಿತ್ತು. ಅಂದ್ರೆ ಜಾಗ ಕೌನ್ಸಿಲ್, ನಡೆಸೋದು ಕೌನ್ಸಿಲ್-ಚಾರಿಟಿ ಸೇರಿದ ಕಂಪನಿ, ತಿಂಡಿ ಅದರ ಕೆಳಗಿನ ಇನ್ನೊಂದು ಕಂಪನಿ, ಜನರನ್ನ ಕರ್ಕೊಂಡು ಬರೋದು ಮಾತ್ರ ಕ್ಲಬ್ಬು. ಕ್ಲಬ್ಬಿಗೆ ಪಾಲು ಕೊಡೋಣ ಅಂತ ಎಸಿಎಲ್ ಮನಸ್ಸು ಮಾಡಿದ್ರೂ ಕ್ಯಾಟರಿಂಗ್ ಕಂಪನಿ ಅಗ್ರಿಮೆಂಟ್ ದಾಟಬೇಕು.

ಹುಬ್ಳಿ_ಗೋಲಿ:
ಈಗ ತಿಳೀತ ನೋಡ್ರಿ ಮೇಷ್ಟ್ರ. ಮಂಗಲ ಕಾರ್ಯಾಲಯ ಬುಕ್ ಮಾಡಿದ್ರ ಅಡಗಿ ಕಾಂಟ್ರಾಕ್ಟ ಅವ್ರ ಕಡೆದವ್ರಿಗೇ ಕೊಡಬೇಕು, ಹೊರಗಿನ ಭಟ್ರನ್ನ ಒಳಗ ಬಿಡೂದಿಲ್ಲ, ಮಂದಿನ್ನ ಕರಿಯಾವ ನಾ, ಎಲಿ ಲೆಕ್ಕದಾಗ ರೊಕ್ಕ ಎಣಸ್ಕೊಳ್ಳಾವ ಅವಾ. ಹಂಗ ಅಲ್ಲೇನ್ರಿ?

ಲೆಕ್ಕದ_ಮೇಷ್ಟ್ರು:
ಹಂಗೇ. ಒಂದೇ ವ್ಯತ್ಯಾಸ, ಇಲ್ಲಿ ಊಟಕ್ಕೆ ಬಂದೋರು ಟಿಕೆಟ್ ತಗೊಂಡು ಬಂದಿರ್ತಾರೆ 😄

ವಿಟ್ಲೀ_ಕನ್ನಡಿಗ:
ನಾನು ಕಾವೆಂಟ್ರಿಯಲ್ಲೇ ಇರೋದು, ಜೆಎಲ್‌ಆರ್‌ನಲ್ಲಿ (ಜಾಗ್ವಾರ್ ಲ್ಯಾಂಡ್ ರೋವರ್) ಕೆಲಸ (ಇಲ್ಲಿ ಅರ್ಧ ಕನ್ನಡಿಗರು ಅದೇ ಅನ್ನಿ, ಇನ್ನರ್ಧ ಯೂನಿವರ್ಸಿಟಿ ಸ್ಟೂಡೆಂಟ್ಸು). ನಮ್ಮ ಟೀಮಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ಇದ್ದಾರೆ, ಅಪ್ಪನ ಕಾಲದಿಂದ ಸೀಸನ್ ಟಿಕೆಟ್ಟು, ಅವರ ಮುಂದೆ ಸಿಸು ಅಂದ್ರೆ ಕಾಫಿ ಕಪ್ ಕೆಳಗಿಟ್ಟು ಅರ್ಧ ಗಂಟೆ ಶುರು. ಸಂಜೆ ಮೀಟಿಂಗ್ ಇದ್ರೆ ಯಾರೂ ಆ ಹೆಸರು ಎತ್ತಲ್ಲ.

ಸ್ಟೇಡಿಯಂ ಬಗ್ಗೆ ಒಂದು ವಿಷಯ ಹೇಳ್ಬೇಕು, ಅದು ಬರೀ ಫುಟ್ಬಾಲ್ ಗ್ರೌಂಡ್ ಅಲ್ಲ. ಒಳಗೆ ದೊಡ್ಡ ಎಕ್ಸಿಬಿಷನ್ ಹಾಲ್ ಇದೆ, ಕ್ಯಾಸಿನೋ ಇತ್ತು, ಹೋಟೆಲ್ ಇದೆ. ಹೋಟೆಲಿನ ಒಂದು ಸಾಲು ರೂಮುಗಳ ಕಿಟಕಿ ನೇರ ಪಿಚ್ ಕಡೆಗೆ. ಹಿಂದಿನ ರಾತ್ರಿ ಯಾರೋ ಸೇಲ್ಸ್ ಕಾನ್ಫರೆನ್ಸಿಗೆ ಬಂದೋನು ಮಲಗಿದ್ದ ರೂಮು ಮ್ಯಾಚ್ ದಿನ ಮಂಚ ಎತ್ತಿ, ಟೇಬಲ್ ಹಾಕಿ, ಬಾಕ್ಸ್ ಆಗಿ ಮಾರಾಟ ಆಗುತ್ತೆ. ಒಂದೇ ರೂಮು, ಎರಡು ಬಿಲ್ಲು. ಸ್ಟೇಡಿಯಂ ಕಟ್ಟೋವಾಗ್ಲೇ ಲೆಕ್ಕ ಹಾಕಿದ್ದು ವರ್ಷಕ್ಕೆ 25 ಚಿಲ್ಲರೆ ಮ್ಯಾಚಿಗಲ್ಲ, ಮಿಕ್ಕ ದಿನಗಳಿಗೆ. ಆ ಮಿಕ್ಕ ದಿನಗಳಲ್ಲಿ ಕ್ಲಬ್ಬಿಗೆ ಯಾವ ಪಾಲೂ ಇರಲಿಲ್ಲ. ಆದ್ರಿಂದ ವಿಂಗರ್ ಹೇಳೋ ಪೈ-ಬಿಯರ್ ದುಡ್ಡೂ ಪೂರ್ತಿ ಉತ್ತರ ಅಲ್ಲ ಅಂತ ನನಗನ್ಸುತ್ತೆ.

ಮಂಗ್ಳೂರ್_ಮಿಡ್‌ಫೀಲ್ಡ್:
ಎಂತ ಮಾರಾಯ್ರೆ, ಎಲ್ಲ ಹೇಳ್ತಿದ್ದೀರಿ, ನಾರ್ತಾಂಪ್ಟನ್ ಕಥೆ ಹೇಳ್ಲೇ ಇಲ್ಲ. ಅದೇ ಅಲ್ವಾ ಮುಖ್ಯ ಇರುವುದು.

ಆಸ್ಟಿನ್‌ಟೌನ್_ವಿಂಗರ್:
ಬರ್ತಿದ್ದೆ ಅದಕ್ಕೇ. 2013 ಮಾರ್ಚಲ್ಲಿ ಬಾಡಿಗೆ ಬಾಕಿಗೆ ಅಂತ ಎಸಿಎಲ್ ಕೋರ್ಟಿಗೆ ಹೋಯ್ತು, ಕ್ಲಬ್ಬಿನ ಒಂದು ಕಂಪನಿ ಅಡ್ಮಿನಿಸ್ಟ್ರೇಷನ್‌ಗೆ (ಸಾಲ ತೀರಿಸೋಕಾಗದ ಕಂಪನಿಯ ಆಡಳಿತ ಹೊರಗಿನವ್ರ ಕೈಗೆ) ಹೋಯ್ತು, 10 ಪಾಯಿಂಟ್ ಕಟ್. (ಒಂದು ಕಂಪನಿ ಅಂದೆ ಯಾಕಂದ್ರೆ ಎರಡಿದ್ವು, ಆಟಗಾರರ ಕಾಂಟ್ರಾಕ್ಟು ಯಾವುದರಲ್ಲಿದೆ ಅಂತ ತಿಂಗಳುಗಟ್ಟಲೆ ಜಗಳ. ನಮ್ಮ ಕಡೆ ಜಾಯಿಂಟ್ ಖಾತೆ ಪಹಣಿ ಕೇಸುಗಳಿಗೇನೂ ಕಮ್ಮಿ ಇಲ್ಲ.) ಆಗಸ್ಟಲ್ಲಿ ಸಾಲ ಕೊಟ್ಟೋರ ಜೊತೆಗಿನ ಒಪ್ಪಂದಕ್ಕೆ ಎಸಿಎಲ್ ಒಪ್ಪಲಿಲ್ಲ, ಇನ್ನೊಂದು 10 ಪಾಯಿಂಟ್ ಹೋಯ್ತು. ಸಿಸು ಏನ್ಮಾಡಿದ್ರು, ನಿಮ್ಮ ಸ್ಟೇಡಿಯಮ್ಮೇ ಬೇಡ ಹೋಗ್ರಿ ಅಂತ ಟೀಮನ್ನ 35 ಮೈಲಿ ದೂರದ ನಾರ್ತಾಂಪ್ಟನ್‌ನ ಸಿಕ್ಸ್‌ಫೀಲ್ಡ್ಸ್‌ಗೆ ಕರ್ಕೊಂಡು ಹೋದ್ರು. 2013-14 ಪೂರ್ತಿ ಅಲ್ಲೇ "ಹೋಮ್" ಮ್ಯಾಚು.

ಫ್ಯಾನ್ಸ್ ಹೋಗ್ಲಿಲ್ಲ. ಸರಾಸರಿ 2,400 ಜನಾನೂ ಇಲ್ಲ. ಇನ್ನೊಂದು ಗುಂಪು ನಾರ್ತಾಂಪ್ಟನ್‌ವರೆಗೂ ಹೋಗಿ ಸ್ಟೇಡಿಯಂ ಒಳಗೆ ಹೋಗದೆ, ಪಕ್ಕದ ಗುಡ್ಡದ ಮೇಲೆ ನಿಂತು ಪಿಚ್ಚಿನ ಕಾಣಿಸೋ ಅಷ್ಟು ಭಾಗ ನೋಡೋರು. ಕ್ಲಬ್ಬಿನ ಹಳೇ ಮ್ಯಾನೇಜರ್ ಜಿಮ್ಮಿ ಹಿಲ್ ಹೆಸರಲ್ಲಿ ಅದಕ್ಕೆ "ಜಿಮ್ಮೀಸ್ ಹಿಲ್" ಅಂತ ಕರೆದ್ರು. ಟಿಕೆಟ್ಟೂ ಇಲ್ಲ, ಪೈಯೂ ಇಲ್ಲ, ಸಿಸುಗೆ ಒಂದು ಪೆನ್ನಿ ಸಿಗಬಾರ್ದು ಅಂತ. ಕ್ಯಾಟರಿಂಗ್ ದುಡ್ಡಿಗೆ ಅಂತ ಮನೆ ಬಿಟ್ಟೋರಿಗೆ ಟಿಕೆಟ್ ದುಡ್ಡೂ ಹೋಯ್ತು.

2014 ಸೆಪ್ಟೆಂಬರ್ 5, ಗಿಲಿಂಗಮ್ ವಿರುದ್ಧ ರೀಕೋಗೆ ವಾಪಸ್ ಬಂದ ದಿನ 27,306 ಜನ. ಲೀಗ್ ಒನ್ ಮ್ಯಾಚಿಗೆ. ಫ್ರ್ಯಾಂಕ್ ನೂಬಲ್ ಒಂದು ಗೋಲು ಹೊಡೆದ, 1-0.

ಹುಬ್ಳಿ_ಗೋಲಿ:
ಗುಡ್ಡದ ಮ್ಯಾಲಿನವ್ರಿಗೆ ನಂದೊಂದ ಸಲಾಂ ರೀ.

ಲೆಮಿಂಗ್ಟನ್_ಲಹರಿ:
ನಮಸ್ತೆ, ಸುಮಾರು ದಿನದಿಂದ ಬರೀ ಓದ್ತಿದ್ದೆ, ಈ ಟಾಪಿಕ್ ನೋಡಿ ಬರೀಲೇಬೇಕು ಅನ್ಸ್ತು. ಮಾಸ್ಟರ್ಸ್ ಮಾಡ್ತಾ ಮಿಡ್‌ಲ್ಯಾಂಡ್ಸಿನ ಒಂದು ಗ್ರೌಂಡಲ್ಲಿ (ಯಾವುದು ಅಂತ ಬೇಡ) ಮ್ಯಾಚ್ ದಿನದ ಕಿಯಾಸ್ಕಲ್ಲಿ ಪಾರ್ಟ್‌ಟೈಮ್ ಮಾಡಿದ್ದೀನಿ. ಸ್ಟೂಡೆಂಟ್ ವೀಸಾದಲ್ಲಿ ವಾರಕ್ಕೆ 20 ಗಂಟೆ ಮಿತಿ ಇರೋದ್ರಿಂದ ಈ ಕೆಲಸ ಸರಿಹೋಗುತ್ತೆ.

ಹೊರಗಿಂದ ನೋಡಿದ್ರೆ ಕ್ಯಾಟರಿಂಗ್ ಅಂದ್ರೆ ದುಡ್ಡಿನ ಗಣಿ ಅನ್ಸುತ್ತೆ ಆದ್ರೆ ಒಳಗೆ ನಿಂತ್ರೆ ಬೇರೇನೇ ಕಾಣೋದು. ಇಲ್ಲಿ 1985ರ ಒಂದು ಕಾನೂನಿದೆ, ಫುಟ್ಬಾಲ್ ಮ್ಯಾಚಲ್ಲಿ ಪಿಚ್ ಕಾಣೋ ಜಾಗದಲ್ಲಿ ಕೂತು ಮದ್ಯ ಕುಡಿಯಂಗಿಲ್ಲ. ಹಂಗಾಗಿ ಬಿಯರ್ ವ್ಯಾಪಾರ ಎಲ್ಲ ಸ್ಟ್ಯಾಂಡಿನ ಹಿಂದಿನ ಕಾನ್‌ಕೋರ್ಸಲ್ಲಿ, ಮ್ಯಾಚ್ ಶುರು ಆಗೋ ಮೊದ್ಲು ಮತ್ತೆ ಹಾಫ್‌ಟೈಮ್ 15 ನಿಮಿಷ, ಅಷ್ಟೇ. ನಾವು 40ನೇ ನಿಮಿಷಕ್ಕೇ ಗ್ಲಾಸುಗಳಿಗೆ ಬಿಯರ್ ಹಾಕಿ ಸಾಲಾಗಿ ಇಟ್ಕೊಂಡಿರ್ತೀವಿ. ಪೈ ಬಿಸಿ ಮಾಡೋ ಗಾಜಿನ ಪೆಟ್ಟಿಗೆ ತುಂಬಿರ್ಬೇಕು ಆದ್ರೆ ಉಳೀಬಾರ್ದು, ಉಳಿದಿದ್ದು ಬಿನ್ನಿಗೆ. ಕೋಕ್ ಬಾಟಲಿ ಕೊಡೋವಾಗ ಮುಚ್ಚಳ ತೆಗ್ದು ನಮ್ಮ ಹತ್ರನೇ ಇಟ್ಕೋಬೇಕು, ಮುಚ್ಚಳ ಹಾಕಿದ ತುಂಬಿದ ಬಾಟಲಿ ಪಿಚ್ಚಿಗೆ ಎಸೀತಾರೆ ಅಂತ. ಶಿಫ್ಟ್ ಮುಗಿಯೋ ಹೊತ್ತಿಗೆ ಏಪ್ರನ್ ಜೇಬು ತುಂಬಾ ಮುಚ್ಚಳ.

15 ನಿಮಿಷದಲ್ಲಿ ಒಂದು ಕೌಂಟರಿಂದ ಎಷ್ಟು ಜನಕ್ಕೆ ಕೊಡಬಹುದು ಅನ್ನೋದರ ಮೇಲೆ ಇಡೀ ವ್ಯಾಪಾರ ನಿಂತಿದೆ. ಕಾರ್ಡ್ ಮಷೀನ್ ಒಂದ್ಸಲ ನೆಟ್‌ವರ್ಕ್ ಹುಡುಕ್ತಾ ಸುತ್ತೋಕೆ ಶುರು ಮಾಡಿದ್ರೆ ಆ ಲೈನು ಹಂಗೇ ಸೀಟಿಗೆ ವಾಪಸ್. ಅದ್ಕೆ ನನಗನ್ಸೋದು, ದುಡ್ಡು ಕಿಯಾಸ್ಕಲ್ಲಿಲ್ಲ, ಮೇಲಿನ ಹಾಸ್ಪಿಟಾಲಿಟಿ ಲೌಂಜಲ್ಲಿದೆ. ಅಲ್ಲಿ ಜನ ಎರಡು ಗಂಟೆ ಮೊದ್ಲೇ ಬಂದು ಊಟ ಮಾಡ್ತಾರೆ.

ವಿಟ್ಲೀ_ಕನ್ನಡಿಗ:
@ಲೆಮಿಂಗ್ಟನ್_ಲಹರಿ ಒಳ್ಳೇ ಪಾಯಿಂಟ್ ಮೇಡಂ. ಆ 1985ರ ಕಾನೂನು ಫುಟ್ಬಾಲಿಗೆ ಮಾತ್ರ, ರಗ್ಬಿಗಿಲ್ಲ. ಇದೇ ಅರೀನಾದಲ್ಲಿ ವಾಸ್ಪ್ಸ್ ರಗ್ಬಿ ಮ್ಯಾಚಿಗೆ ಬಂದ್ರೆ ಸೀಟಲ್ಲಿ ಕೂತು ಬಿಯರ್ ಹೀರ್ಕೊಂಡು ಆಟ ನೋಡಬಹುದಿತ್ತು, ಮಾರನೇ ವಾರ ಅದೇ ಸೀಟಲ್ಲಿ ಕಾವೆಂಟ್ರಿ ಸಿಟಿ ಫ್ಯಾನ್ ಗ್ಲಾಸ್ ತಂದ್ರೆ ಸ್ಟೂವರ್ಡ್ ಬರ್ತಾನೆ. ಹಂಗಾಗಿ ಕ್ಯಾಟರಿಂಗ್ ಕಂಪನಿಗೆ ರಗ್ಬಿ ಗಿರಾಕಿ ಮೇಲೆ ಪ್ರೀತಿ ಜಾಸ್ತಿ ಇದ್ರೆ ಆಶ್ಚರ್ಯ ಇಲ್ಲ.

ಇನ್ನೊಂದು ತಮಾಷೆ. 2016ರಲ್ಲಿ ಅರೀನಾ ಪಕ್ಕಕ್ಕೇ ರೈಲ್ವೆ ಸ್ಟೇಷನ್ ಮಾಡಿದ್ರು. ಮ್ಯಾಚ್ ಮುಗಿದ ಮೇಲೆ ಒಂದು ಗಂಟೆ ಆ ಸ್ಟೇಷನ್ ಮುಚ್ಚೋದು! ಯಾಕಂದ್ರೆ ಆ ಲೈನಲ್ಲಿ ಬರ್ತಿದ್ದ ಪುಟ್ಟ ರೈಲಿಗೆ ಅಷ್ಟು ಜನ ಹಿಡ್ಯಲ್ಲ ಅಂತ. ಸ್ಟೇಡಿಯಂಗೋಸ್ಕರ ಕಟ್ಟಿದ ಸ್ಟೇಷನ್.

ಮಂಗ್ಳೂರ್_ಮಿಡ್‌ಫೀಲ್ಡ್:
ವಾಸ್ಪ್ಸ್ ಹೆಸರು ಬಂತಲ್ಲ, ಅದನ್ನು ನಾನು ಹೇಳ್ತೇನೆ, ನನಗೆ ಈ ಕಥೆಯಲ್ಲಿ ತುಂಬ ಬೇಜಾರಾದ ಭಾಗ ಅದು. ಕ್ಲಬ್ಬು ನಾರ್ತಾಂಪ್ಟನಿನಿಂದ ವಾಪಸ್ ಬಂದು ಒಂದು ತಿಂಗಳು ಆಗಿತ್ತಷ್ಟೇ, 2014 ಅಕ್ಟೋಬರಿನಲ್ಲಿ ಕೌನ್ಸಿಲ್ ತನ್ನ ಅರ್ಧ ಎಸಿಎಲ್ಲನ್ನು ಲಂಡನ್ ಕಡೆಯ ರಗ್ಬಿ ಟೀಮು ವಾಸ್ಪ್ಸಿಗೆ ಕೊಟ್ಟಿತು, 27.7 ಲಕ್ಷ ಪೌಂಡ್. ಚಾರಿಟಿಯ ಅರ್ಧ ಸಹ ಅಷ್ಟಕ್ಕೇ ಹೋಯಿತು. ಇನ್ನು 10 ಲಕ್ಷ ಕೊಟ್ಟು ಲೀಸು 250 ವರ್ಷಕ್ಕೆ. ನೋಡಿ, ಕ್ಲಬ್ಬು ಬಾಡಿಗೆಗೇ ವರ್ಷಕ್ಕೆ 13 ಲಕ್ಷ ಕೊಡ್ತಿತ್ತು, ಆ ರೇಟಿನಲ್ಲಿ ಐದಾರು ವರ್ಷದ ಬಾಡಿಗೆಗೆ 250 ವರ್ಷದ ಸ್ಟೇಡಿಯಂ. ಸುಮಾರು 80 ಮೈಲಿ ದೂರದ ಟೀಮಿಗೆ. ಊರಿನ ಟೀಮು ಪಕ್ಕದಲ್ಲಿ ನಿಂತು ನೋಡುವುದು.

ಲೆಕ್ಕದ_ಮೇಷ್ಟ್ರು:
ಅಷ್ಟು ಸರಳ ಇಲ್ಲ ಸರ್. ಆ ಬೆಲೆಯ ಜೊತೆ ಸಾಲವೂ ಬರುತ್ತೆ. 2013 ಜನವರಿಯಲ್ಲಿ ಎಸಿಎಲ್‌ನ ಬ್ಯಾಂಕ್ ಸಾಲನ ಕೌನ್ಸಿಲ್ಲೇ ತೀರಿಸಿ 1.44 ಕೋಟಿ ಪೌಂಡ್ ಎಸಿಎಲ್‌ಗೆ ಸಾಲ ಕೊಟ್ಟಿತ್ತು, ಕೊಂಡೋರು ಅದನ್ನೂ ಹೊತ್ಕೋಬೇಕು. ಆ ಸಾಲ ಸರ್ಕಾರಿ ದುಡ್ಡಿನ ಅಕ್ರಮ ನೆರವು ಅಂತ ಸಿಸು ಕೋರ್ಟಿಗೆ ಹೋದ್ರು, 2014 ಜೂನಲ್ಲಿ ಜಸ್ಟಿಸ್ ಹಿಕಿನ್‌ಬಾಟಮ್ ವಜಾ ಮಾಡಿದ್ರು. ಆ ತೀರ್ಪು ಓದಿ ಒಮ್ಮೆ, ಕಾನೂನು ತೀರ್ಪು ಅನ್ನೋದಕ್ಕಿಂತ ಮನೆ ಪಾಲಿನ ಕಥೆ ಇದ್ದಂಗಿದೆ. ಬಾಡಿಗೆ ನಿಲ್ಲಿಸಿದ್ದು ಕೈಲಾಗದೆ ಅಲ್ಲ, ಎಸಿಎಲ್‌ನ ಹಣಕಾಸು ಬಿಗಿ ಮಾಡಿ ಅದರ ಷೇರಿನ ಬೆಲೆ ಕೆಳಗಿಳಿಸಿ ಅಗ್ಗಕ್ಕೆ ಕೊಳ್ಳೋ ತಂತ್ರ ಅಂತ ಅವರು ಕಂಡ್ಕೊಂಡ್ರು. ತಂತ್ರ ಫಲಿಸ್ತು, ಬೆಲೆ ಇಳೀತು, ಕೊಂಡಿದ್ದು ಮಾತ್ರ ಬೇರೆಯವ್ರು.

ಕ್ಯಾಟರಿಂಗ್ ವಾದಕ್ಕೂ ನಾನು ಪೂರ್ತಿ ಅಂಕ ಕೊಡಲ್ಲ. ಆಗ ಹೇಳಿದ 60 ಪರ್ಸೆಂಟ್ ರೂಲಲ್ಲಿ ಓನರ್ ಷೇರು ಬಂಡವಾಳ ಅಥವಾ ದೇಣಿಗೆ ಅಂತ ದುಡ್ಡು ಹಾಕಿದ್ರೆ ಅದೂ ಲೆಕ್ಕಕ್ಕೆ ಬರುತ್ತೆ. ಸಾಲ ಅಂತ ಹಾಕಿದ್ರೆ ಬರಲ್ಲ. ಸಿಸು ಹಾಕಿದ್ದು ಬಹುಪಾಲು ಸಾಲ. ಆಟಗಾರರಿಗೆ ಖರ್ಚು ಮಾಡೋಕೆ ಪೈ ದುಡ್ಡೇ ಬೇಕು ಅನ್ನೋದು ಆ ಮಟ್ಟಿಗೆ ಅವ್ರೇ ಆರಿಸ್ಕೊಂಡ ಕಷ್ಟ.

ಆಸ್ಟಿನ್‌ಟೌನ್_ವಿಂಗರ್:
ಮೇಷ್ಟ್ರೇ ಅದು ಸರಿ, ಆದ್ರೆ ಹೆಡ್ಜ್ ಫಂಡ್ ದಾನ ಮಾಡುತ್ತೆ ಅಂತ ಯಾರು ನಂಬ್ತಾರೆ. ನಾಳೆ ಇನ್ನೊಬ್ಬ ಓನರ್ ಬರ್ತಾನೆ, ಅವನೂ ತನ್ನ ಜೇಬಿಂದ ಹಾಕ್ಬೇಕಾ ಪ್ರತಿ ವರ್ಷ? ಕ್ಲಬ್ಬು ತಾನೇ ದುಡಿಯೋ ಆದಾಯ ಅಂತ ಒಂದಿರ್ಬೇಕಲ್ವಾ. ತನ್ನ ಆಟ ನೋಡೋಕೆ ಬಂದೋರು ಕುಡಿದ ಟೀ ದುಡ್ಡಾದ್ರೂ ಬರ್ಲಿ.

ಮಂಗ್ಳೂರ್_ಮಿಡ್‌ಫೀಲ್ಡ್:
ನಾನು ಹೇಳಿ ಮುಗಿಸ್ಲಿಲ್ಲ. ವಾಸ್ಪ್ಸಿನ ಕೈಯಲ್ಲಿ ಎಲ್ಲ ಇತ್ತು. ಗ್ರೌಂಡು, ಹೋಟೆಲು, ಎಕ್ಸಿಬಿಷನ್ ಹಾಲು, ಕ್ಯಾಟರಿಂಗು, ಕಾರ್ ಪಾರ್ಕು, ಸೀಟಿನಲ್ಲೇ ಬಿಯರು. ಮೇಲಿಂದ ಕಾವೆಂಟ್ರಿ ಸಿಟಿ ಅಂತ ಒಂದು ಬಾಡಿಗೆದಾರ. 2015ರಲ್ಲಿ ಜನರಿಂದ 3.5 ಕೋಟಿ ಪೌಂಡಿನ ಬಾಂಡ್ ಎತ್ತಿದ್ರು, 6.5 ಪರ್ಸೆಂಟ್ ಬಡ್ಡಿ, 2022ರಲ್ಲಿ ತೀರಿಸಬೇಕು. ನಡುವೆ ಕೊರೋನ ಬಂತು, ಹಾಲು ಹೋಟೆಲು ಎಲ್ಲ ಖಾಲಿ. 2022 ಬಂತು, ತೀರಿಸ್ಲಿಕ್ಕೆ ಆಗ್ಲಿಲ್ಲ. ಅಕ್ಟೋಬರ್ 17ಕ್ಕೆ ಅಡ್ಮಿನಿಸ್ಟ್ರೇಷನ್, ಆಟಗಾರರು ಸ್ಟಾಫು ಸೇರಿ 167 ಜನರ ಕೆಲಸ ಒಂದೇ ದಿನ ಹೋಯಿತು. ಯುರೋಪಿಯನ್ ಕಪ್ ಎರಡು ಸಲ ಗೆದ್ದ ಟೀಮು ಮಾರಾಯ್ರೆ.

ಹಾಗಾಗಿ ಗ್ರೌಂಡು ಸಿಕ್ಕಿದ್ರೆ, ಕ್ಯಾಟರಿಂಗ್ ಸಿಕ್ಕಿದ್ರೆ ಎಲ್ಲ ಸರಿಯಾಗ್ತದೆ ಅಂತ ಹೇಳುವವರಿಗೆ ವಾಸ್ಪ್ಸ್ ತೋರಿಸಬೇಕು.

ಹುಬ್ಳಿ_ಗೋಲಿ:
ಅಂದ್ರ ಕಾರ್ಯಾಲಯನೂ ನಂದ, ಅಡಗಿನೂ ನಂದ, ಆದ್ರ ಕಾರ್ಯಾಲಯ ಕೊಳ್ಳಾಕ ಮಾಡಿದ ಸಾಲದ ಬಡ್ಡಿಗೆ ಎಲ್ಲಾ ಹೋತು ಅಂದಂಗಾತು.

ಲೆಕ್ಕದ_ಮೇಷ್ಟ್ರು:
ನೀವು ಸಿಎ ಮಾಡ್ಬೇಕಿತ್ತು.

ವಿಟ್ಲೀ_ಕನ್ನಡಿಗ:
ಬಾಡಿಗೆದಾರನ ಗತಿ ಏನು ಅನ್ನೋದಕ್ಕೆ 2022ರದ್ದೇ ಇನ್ನೊಂದು ಉದಾಹರಣೆ. ಅದಕ್ಕೆ ಮುಂಚೆ 2019ರಲ್ಲಿ ಮತ್ತೆ ಜಗಳ ಆಗಿ ಟೀಮು ಎರಡು ಸೀಸನ್ ಬರ್ಮಿಂಗ್‌ಹ್ಯಾಮ್‌ನ ಸೇಂಟ್ ಆಂಡ್ರೂಸಲ್ಲಿ ಆಡಿತ್ತು. ವಿಚಿತ್ರ ಏನಂದ್ರೆ ಊರು ಬಿಟ್ಟು ಆಡ್ಕೊಂಡೇ 2020ರಲ್ಲಿ ಲೀಗ್ ಒನ್ ಚಾಂಪಿಯನ್ನು. 2021 ಆಗಸ್ಟಲ್ಲಿ ವಾಪಸ್ ಬಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಇಂಜುರಿ ಟೈಮ್ ಗೋಲಲ್ಲಿ 2-1 ಹೊಡೆದ್ರು, ನಮ್ಮ ಸಹೋದ್ಯೋಗಿ ಸೋಮವಾರ ಆಫೀಸಿಗೆ ದನಿ ಇಲ್ಲದೆ ಬಂದಿದ್ರು.

ಆಮೇಲೆ 2022 ಜುಲೈ ಕೊನೆಗೆ ಕಾಮನ್‌ವೆಲ್ತ್ ಗೇಮ್ಸ್. ರಗ್ಬಿ ಸೆವೆನ್ಸ್, ಜೂಡೋ, ಕುಸ್ತಿ ಮೂರೂ ಕಾವೆಂಟ್ರಿ ಅರೀನಾದಲ್ಲೇ (ಅದೇ ಹಳೇ ರೀಕೋ). ನಾವು ಇಂಡಿಯನ್ಸೆಲ್ಲ ಖುಷಿಯಾಗಿ ಹೋಗಿದ್ವಿ, ಬಜರಂಗ್, ಸಾಕ್ಷಿ, ವಿನೇಶ್, ರವಿ ದಹಿಯಾ, ದೀಪಕ್, ನವೀನ್, ಆರು ಚಿನ್ನ ಅಲ್ಲೇ ಬಂದಿದ್ದು. ಆದ್ರೆ ಮೂರು ದಿನ ರಗ್ಬಿ ಸೆವೆನ್ಸ್ ಆಡಿ ಪಿಚ್ಚು ಗದ್ದೆ ಆಗಿತ್ತು. ಆಗಸ್ಟ್ ಮೊದಲ ವಾರ ಕಾವೆಂಟ್ರಿ ಸಿಟಿಯ ಹೋಮ್ ಓಪನರ್ ರಾಥರ್‌ಹ್ಯಾಮ್ ವಿರುದ್ಧ, ಪಿಚ್ ಸೇಫ್ ಇಲ್ಲ ಅಂತ ಮುಂದಕ್ಕೆ ಹೋಯ್ತು, ಲೀಗ್ ಕಪ್ ಮ್ಯಾಚಿಗೆ ಬರ್ಟನ್‌ಗೆ ಹೋಗಿ ಆಡಿದ್ರು. ಬುಕಿಂಗ್ ಮಾಡಿ ದುಡ್ಡು ತಗೊಂಡೋರು ಗ್ರೌಂಡಿನವ್ರು, ಮ್ಯಾಚ್ ಕಳ್ಕೊಂಡೋರು ಕ್ಲಬ್ಬಿನವ್ರು. ನನ್ನ ಪ್ರಕಾರ ಪೈ, ಬಾಡಿಗೆ ಎರಡಕ್ಕಿಂತ ಇದು ದೊಡ್ಡದು, ಕ್ಯಾಲೆಂಡರ್ ಯಾರ ಕೈಯಲ್ಲಿದೆ ಅನ್ನೋದು.

ಆಸ್ಟಿನ್‌ಟೌನ್_ವಿಂಗರ್:
ಕ್ಯಾಲೆಂಡರ್ ಅಂದ ತಕ್ಷಣ ನಮ್ಮ ಬೆಂಗಳೂರೇ ನೆನಪಾಗೋದು. ಬಿಎಫ್‌ಸಿ (ಬೆಂಗಳೂರು ಎಫ್‌ಸಿ) 2013ರಲ್ಲಿ ಶುರುವಾದಾಗ ಅಶೋಕನಗರದ ಫುಟ್ಬಾಲ್ ಸ್ಟೇಡಿಯಂ, ಅದು ರಾಜ್ಯ ಫುಟ್ಬಾಲ್ ಸಂಸ್ಥೆ ಕೆಎಸ್‌ಎಫ್‌ಎದು. ಚಿಕ್ಕದು, ಆದ್ರೆ ಗದ್ದಲ ಕಿವಿ ತೂತಾಗೋ ಹಂಗೆ. 2014ರಿಂದ ಕಂಠೀರವ, ಅದು ರಾಜ್ಯ ಸರ್ಕಾರದ್ದು, ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕು. ಅಥ್ಲೀಟ್‌ಗಳಿಗೆ ಪ್ರಾಕ್ಟೀಸ್ ಜಾಗ ಬೇಕು, ಅವರ ತಕರಾರೂ ನ್ಯಾಯವೇ. ಜೆಎಸ್‌ಡಬ್ಲ್ಯೂ ಅಂಥ ದೊಡ್ಡ ಓನರ್ ಇದ್ರೂ ಗ್ರೌಂಡಿನ ಮಾತು ಬಂದ್ರೆ ಇಲಾಖೆ ಬಾಗಿಲಲ್ಲೇ ನಿಲ್ಬೇಕು. ಒಳಗೆ ಸ್ಟಾಲಲ್ಲಿ ಪಾಪ್‌ಕಾರ್ನ್ ತಗೊಂಡ್ರೆ ಅದರಲ್ಲಿ ಕ್ಲಬ್ಬಿಗೆ ಎಷ್ಟು ಹೋಗುತ್ತೆ ಅಂತ ನಮ್ಮಲ್ಲಿ ಒಬ್ಬನೂ ಕೇಳಿಲ್ಲ ಇವತ್ತಿನವರೆಗೆ.

ಲೆಮಿಂಗ್ಟನ್_ಲಹರಿ:
ಹಂಗಾದ್ರೆ ಗ್ರೌಂಡ್ ಯಾರ ಹೆಸರಲ್ಲಿದ್ರೆ ಒಳ್ಳೇದು? ಕೌನ್ಸಿಲ್ ಇದ್ರೂ ಜಗಳ, ಖಾಸಗಿ ಇದ್ರೂ ಜಗಳ.

ಲೆಕ್ಕದ_ಮೇಷ್ಟ್ರು:
@ಲೆಮಿಂಗ್ಟನ್_ಲಹರಿ ಸರ್ಕಾರಿ ಮಾಲೀಕತ್ವದ ಉಲ್ಟಾ ಉದಾಹರಣೆ ಲಂಡನ್ ಸ್ಟೇಡಿಯಂ. ಒಲಿಂಪಿಕ್ಸ್ ಸ್ಟೇಡಿಯಂನ ವೆಸ್ಟ್ ಹ್ಯಾಮ್‌ಗೆ 99 ವರ್ಷಕ್ಕೆ ಕೊಟ್ಟಿದ್ದಾರೆ, 2016ರಲ್ಲಿ ಶುರುವಾದಾಗ ಬಾಡಿಗೆ ವರ್ಷಕ್ಕೆ 25 ಲಕ್ಷ ಪೌಂಡು, ರೆಲಿಗೇಟ್ ಆದ್ರೆ ಅರ್ಧ. ಅಲ್ಲಿ ನಷ್ಟ ಓನರಿಗೆ, ಅಂದ್ರೆ ತೆರಿಗೆ ಕಟ್ಟೋರಿಗೆ. ಅಲ್ಲೂ ಕ್ಯಾಟರಿಂಗ್ ಕ್ಲಬ್ಬಿಂದಲ್ಲ. ಇನ್ನೊಂದು ಕಡೆ ಡರ್ಬಿ, 2018ರಲ್ಲಿ ಪ್ರೈಡ್ ಪಾರ್ಕನ್ನ ತಮ್ಮದೇ ಓನರ್ ಮೆಲ್ ಮಾರಿಸ್ ಕಂಪನಿಗೆ 8.1 ಕೋಟಿಗೆ ಮಾರಿದ್ರು, ನಷ್ಟದ ಲೆಕ್ಕ ಸರಿ ಮಾಡೋಕೆ. 2021ರಲ್ಲಿ ಅಡ್ಮಿನಿಸ್ಟ್ರೇಷನ್. ಶೆಫೀಲ್ಡ್ ವೆನ್ಸ್‌ಡೇನೂ ಅದೇ ದಾರಿ, ಅವರ ಗ್ರೌಂಡ್ ಹಿಲ್ಸ್‌ಬರೋ ಓನರ್ ಚಾನ್ಸಿರಿ ಕಂಪನಿಗೆ, 2025 ಅಕ್ಟೋಬರಲ್ಲಿ ಅಡ್ಮಿನಿಸ್ಟ್ರೇಷನ್. ಕ್ಲಬ್ಬು ಗ್ರೌಂಡು ಒಬ್ಬನದ್ದೇ ಆದ್ರೂ ಎರಡು ಬೇರೆ ಪುಸ್ತಕದಲ್ಲಿದ್ರೆ ಆ ಒಬ್ಬ ಹೋಗೋವಾಗ ಏನನ್ನ ಬಿಟ್ಟು ಏನನ್ನ ಹೊತ್ಕೊಂಡು ಹೋಗ್ತಾನೆ ಅನ್ನೋದು ದೊಡ್ಡ ತಲೆನೋವು.

ನನಗೆ ಇಷ್ಟ ಆಗೋದು ಚೆಲ್ಸಿ ಪದ್ಧತಿ. ಸ್ಟ್ಯಾಂಫರ್ಡ್ ಬ್ರಿಜ್ ಜಾಗ ಚೆಲ್ಸಿ ಪಿಚ್ ಓನರ್ಸ್ ಅಂತ ಫ್ಯಾನ್ಸ್ ಷೇರುದಾರರಾಗಿರೋ ಕಂಪನಿದು. ಹೊಸ ಜಾಗಕ್ಕೆ ಹೋದ್ರೆ ಚೆಲ್ಸಿ ಹೆಸರನ್ನೂ ಬಿಟ್ಟು ಹೋಗಬೇಕು. 2011ರಲ್ಲಿ ಆಗಿನ ಓನರ್ ಅಬ್ರಮೊವಿಚ್ ಜಾಗ ವಾಪಸ್ ಕೊಳ್ಳೋಕೆ ನೋಡಿದ್ರು, 75 ಪರ್ಸೆಂಟ್ ವೋಟು ಬೇಕಿತ್ತು, ಸಿಗಲಿಲ್ಲ. ಅಷ್ಟು ದುಡ್ಡಿರೋನಿಗೂ ಇಲ್ಲ ಅನ್ನೋ ತಾಕತ್ತು.

ಮಂಗ್ಳೂರ್_ಮಿಡ್‌ಫೀಲ್ಡ್:
ಆದ್ರೆ ಅದರಿಂದಲೇ ಅವರಿಗೆ ದೊಡ್ಡ ಸ್ಟೇಡಿಯಂ ಇಲ್ಲ ಇನ್ನೂ. ಅದು ಸಹ ಉಂಟು.

ಆಸ್ಟಿನ್‌ಟೌನ್_ವಿಂಗರ್:
ಕಾವೆಂಟ್ರಿ ಕಥೆ ಮುಗಿಸಿಬಿಡ್ತೀನಿ. ವಾಸ್ಪ್ಸ್ ಬಿದ್ದ ಮೇಲೆ 2022 ನವೆಂಬರಲ್ಲಿ ಸ್ಟೇಡಿಯಂ ಫ್ರೇಸರ್ಸ್ ಗ್ರೂಪಿಗೆ 1.7 ಕೋಟಿಗೆ ಹೋಯ್ತು. ಡಿಸೆಂಬರಲ್ಲೇ ಕ್ಲಬ್ಬಿಗೆ ಜಾಗ ಖಾಲಿ ಮಾಡಿ ಅಂತ ನೋಟಿಸು! ಹಳೇ ಓನರ್ ಜೊತೆಗಿದ್ದ ಅಗ್ರಿಮೆಂಟ್ ನಮಗೆ ಸಂಬಂಧ ಇಲ್ಲ, ಹೊಸದಕ್ಕೆ ಸೈನ್ ಹಾಕಿ ಅಂತ. 2021ರಲ್ಲಿ 10 ವರ್ಷಕ್ಕೆ ಅಂತ ಮಾಡ್ಕೊಂಡಿದ್ದು ಎರಡನೇ ವರ್ಷಕ್ಕೇ ರದ್ದಿ ಪೇಪರ್. ಸೀಸನ್ ಮಧ್ಯ, ಟೀಮು ಚೆನ್ನಾಗಿ ಆಡ್ತಿದೆ. ಹೆಂಗೋ ಸೀಸನ್ ಕೊನೆಯವರೆಗೆ ಅಂತ ರಾಜಿ ಆಯ್ತು. ಅದೇ ಸೀಸನ್ 2023 ಮೇನಲ್ಲಿ ಲೂಟನ್ ವಿರುದ್ಧ ಪ್ಲೇಆಫ್ ಫೈನಲ್, ಪೆನಾಲ್ಟಿಯಲ್ಲಿ ಸೋತು ಪ್ರೀಮಿಯರ್ ಲೀಗ್ ತಪ್ಪಿಹೋಯ್ತು. ಅದರ ಬಗ್ಗೆ ಬರೆಯೋಕೆ ನನಗಿನ್ನೂ ಆಗಲ್ಲ. ಅಷ್ಟರಲ್ಲಿ ಸಿಸು ಹೋಗಿ ಡಗ್ ಕಿಂಗ್ ಬಂದಿದ್ರು, 2023 ಜನವರಿಯಲ್ಲಿ ಕ್ಲಬ್ ಪೂರ್ತಿ ಅವರ ಕೈಗೆ. ಅವರ ಕಾಲದಲ್ಲೇ ಈಗ ಸ್ಟೇಡಿಯಂ ಕ್ಲಬ್ಬಿಗೆ ಬಂದಿರೋದು.

ಹುಬ್ಳಿ_ಗೋಲಿ:
ಮತ್ತ ಆ ಕಿಂಗ್ ಸಾಹೇಬ್ರು ನಾಳೆ ಗ್ರೌಂಡ ಒಂದ ಕಡೆ, ಕ್ಲಬ್ ಒಂದ ಕಡೆ ಮಾರೂದಿಲ್ಲ ಅಂತ ಏನ್ ಗ್ಯಾರಂಟಿ?

ಲೆಕ್ಕದ_ಮೇಷ್ಟ್ರು:
ಮೊದಲಿನಷ್ಟು ಸುಲಭ ಇಲ್ಲ ಈಗ. 2025 ಜುಲೈನಲ್ಲಿ ಫುಟ್ಬಾಲ್ ಗವರ್ನೆನ್ಸ್ ಆಕ್ಟ್ ಪಾಸಾಗಿದೆ, ಇಂಡಿಪೆಂಡೆಂಟ್ ಫುಟ್ಬಾಲ್ ರೆಗ್ಯುಲೇಟರ್ ಅಂತ ಸಂಸ್ಥೆ ಬಂದಿದೆ. ಹೋಮ್ ಗ್ರೌಂಡ್ ಮಾರೋಕೆ, ಅಡ ಇಡೋಕೆ, ಬೇರೆ ಕಡೆ ಹೋಗೋಕೆ ಅದರ ಒಪ್ಪಿಗೆ ಬೇಕು. ಈ ಕಾನೂನು 2013ರಲ್ಲಿ ಇದ್ದಿದ್ರೆ ಸಿಕ್ಸ್‌ಫೀಲ್ಡ್ಸ್‌ಗೆ ಹೋಗೋದಕ್ಕೆ ರೆಗ್ಯುಲೇಟರ್ ಮುಂದೆ ಕಾರಣ ಹೇಳ್ಬೇಕಿತ್ತು. ಕ್ಯಾಟರಿಂಗ್ ಪಾಲಿನ ಬಗ್ಗೆ ಕಾನೂನಲ್ಲಿ ಏನೂ ಇಲ್ಲ, ಅದು ಮೊದಲಿನ ಹಾಗೇ ಎರಡು ಕಡೆಯ ವಕೀಲರ ಪಾಡು.

ಆಸ್ಟಿನ್‌ಟೌನ್_ವಿಂಗರ್:
@ವಿಟ್ಲೀ_ಕನ್ನಡಿಗ ಅಣ್ಣ, ಒಂದು ಕೇಳ್ಬೇಕಿತ್ತು, ಸ್ಟೇಡಿಯಂ ಕ್ಲಬ್ಬಿಂದಾದ ಮೇಲೆ ಒಳಗೆ ಏನಾದ್ರೂ ವ್ಯತ್ಯಾಸ ಕಾಣ್ಸುತ್ತಾ? ಪೈ ರೇಟು ಇಳೀತಾ?

ವಿಟ್ಲೀ_ಕನ್ನಡಿಗ:
ಪೈ ರೇಟು ಇಳಿಯುತ್ತೆ ಅಂತ ಕಾವೆಂಟ್ರಿಯಲ್ಲಿ ಯಾರೂ ಕಾದಿಲ್ಲ ಬಿಡಪ್ಪ. ನಮ್ಮ ಸಹೋದ್ಯೋಗಿ ಮಾತ್ರ, ಮನೆಯಿಂದಲೇ ಸ್ಯಾಂಡ್‌ವಿಚ್ ಕಟ್ಕೊಂಡು ಹೋಗೋ ಮನುಷ್ಯ, ಈಗ ಹಾಫ್‌ಟೈಮಲ್ಲಿ ಲೈನಲ್ಲಿ ನಿಂತು ಪೈ ತಗೋತಾರೆ. ರುಚಿ ಹೆಂಗಿದೆ ಅಂತ ಕೇಳ್ದೆ. ಸುಮಾರು ಅಂದ್ರು.

ಲೆಕ್ಕದ_ಮೇಷ್ಟ್ರು:
ಕ್ಲಬ್ಬಿನ ಮುಂದಿನ ವರ್ಷದ ಅಕೌಂಟ್ಸ್ ಕಂಪನೀಸ್ ಹೌಸಲ್ಲಿ (ಅಲ್ಲಿನ ಕಂಪನಿಗಳ ಸರ್ಕಾರಿ ನೋಂದಣಿ ಕಚೇರಿ) ಬಂದಾಗ ಇದೇ ಥ್ರೆಡ್ಡಲ್ಲಿ ಹಾಕ್ತೀನಿ. ವಹಿವಾಟಿನ ನೋಟಲ್ಲಿ ಕ್ಯಾಟರಿಂಗ್ ಬೇರೆ ಸಾಲಲ್ಲಿ ಬರುತ್ತಾ, ಪೂರ್ತಿ ವ್ಯಾಪಾರ ತೋರಿಸ್ತಾರಾ ಬರೀ ಕಮಿಷನ್ನಾ, ಮತ್ತೆ ಸ್ಟೇಡಿಯಂ ಮೇಲೆ ಯಾರ ಸಾಲದ ಚಾರ್ಜ್ (ಅಡಮಾನ) ಇದೆ, ಈ ಮೂರು ನೋಡಿದ್ರೆ ಸಾಕು. ಅಲ್ಲೀವರೆಗೆ ವಿಂಗರ್ ಮತ್ತೆ ಗೋಲಿ ಜಗಳ ಆಡ್ಕೊಂಡಿರ್ಲಿ.

ಹುಬ್ಳಿ_ಗೋಲಿ:
ಆಡ್ತೀವಿ ಬಿಡ್ರಿ. ಆದ್ರ ಅವ್ರು ಬಾಡಗಿ ಕೊಡಬೇಕಾಗಿತ್ತು, ಅದ ಮಾತ್ರ ನಾ ಬಿಡಾಂವಲ್ಲ.